ಹ್ಯಾಟೆಯ ಲೆಕ್ಕ

ನಮ್ಮ ದೊಡ್ಡಮ್ಮನಿಗೆ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದ ಮೇಲಿನ ಮೊದಲ ಕೆಲಸ ಕೋಳಿಗಳ ತಪಾಸಣೆ. ಮಂಕರಿ ಎತ್ತಿ, ಒಂದೊಂದೇ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಾಲದ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ‘ಇದು ಇವತ್ತು ಇಡ್ತದೆ’ ಅಂದರೆ ಆ ಕೋಳಿ ಮತ್ತೆ ಮಂಕರಿಯ ಕೆಳಗೆ. ‘ಇದು ಇಲ್ಲ’ ಅಂದರೆ ತಿಪ್ಪೆಗೆ ಬಿಡುಗಡೆ. ಹಾಸನದ ಕಡೆಯ ಆ ಹಳ್ಳಿಯಲ್ಲಿ ಎಲ್ಲ ಮನೆಯ ಹೆಂಗಸರೂ ಇದನ್ನೇ ಮಾಡುತ್ತಿದ್ದರು. ಇಲ್ಲದಿದ್ದರೆ ಕೋಳಿ ಹೋಗಿ ಪಕ್ಕದ ಮನೆಯ ಹುಲ್ಲಿನ ಮೆದೆಯಲ್ಲಿ ಮೊಟ್ಟೆ ಇಟ್ಟು ಬರುವುದು, ಆಮೇಲೆ ಎರಡು ಮನೆಯವರು ಮಾತು ಬಿಡುವುದು ತಪ್ಪುತ್ತಿರಲಿಲ್ಲ.

ಇನ್ನೂ ಚೊಚ್ಚಲ ಮೊಟ್ಟೆ ಇಡದ ಹ್ಯಾಟೆಯಾದರೆ ಪರೀಕ್ಷೆ ಬೇರೆ. ಬಾಲದಡಿಯಲ್ಲಿ ಕೈಗೆ ತಗಲುವ ಎರಡು ಚೂಪಾದ ಎಲುಬುಗಳ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಅನ್ನುವುದೇ ಪ್ರಶ್ನೆ. ಒಂದೇ ಬೆರಳಾದರೆ ಕಾಯಬೇಕು. ಎರಡು ಸಲೀಸಾಗಿ ಕೂತರೆ ಬುಟ್ಟಿಗೆ ಹುಲ್ಲು ಹಾಸಬಹುದು. ಪಶುವೈದ್ಯಕೀಯ ಕಾಲೇಜಿನಲ್ಲಿ ಕಲಿಸುವ ಪರೀಕ್ಷೆಯೂ ಇದೇ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ದೊಡ್ಡಮ್ಮನಿಗೆ ಹೇಳಿದೆ. ‘ಅವ್ರಿಗೆ ಯಾರು ಹೇಳ್ಕೊಟ್ರಂತೆ ಮಗಾ?’ ಎಂದು ಕೇಳಿದಳು.

ಇದೆಲ್ಲ ನೆನಪಾದದ್ದು ನಮ್ಮ ಬೀದಿಯ ಒಬ್ಬರ ಫೋನಿನಿಂದ. ಮೈಸೂರಿನ ಹೊರವಲಯದ ನಮ್ಮ ಬಡಾವಣೆಯಲ್ಲಿ ಈಗ ಮೂರು ಮನೆಗೊಂದರಂತೆ ಹಿತ್ತಲಲ್ಲಿ ಕೋಳಿಗೂಡಿದೆ. ಬ್ಯಾಂಕಿನಿಂದ ನಿವೃತ್ತರಾದ ಈ ಮಹನೀಯರು ಎಂಟು ಹೆಣ್ಣು ಮರಿ ತಂದು ಸಾಕಿದ್ದರು. ಐದು ತಿಂಗಳು ತುಂಬಿತ್ತು. ಮೊಟ್ಟೆ ಜೋಡಿಸಲು 30 ಗುಳಿಯ ಟ್ರೇಗಳನ್ನೂ ತಂದಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನಾನು ನೋಡಿಲ್ಲ. ‘ಸಾರ್, ವರ್ಷಕ್ಕೆ ಮುನ್ನೂರು ಮೊಟ್ಟೆ ಅಂದಿದ್ದ. ಒಂದೂ ಇಟ್ಟಿಲ್ಲ. ಮೋಸ ಹೋದ್ನಾ?’

ಮೋಸ ಹೋದರೋ ಇಲ್ಲವೋ ಎಂದು ತಿಳಿಯಲು ಮೊದಲು ಕೇಳಬೇಕಾದ್ದು, ಅದು ಯಾವ ಕೋಳಿ ಎಂದು. ವರ್ಷಕ್ಕೆ 300 ಮೊಟ್ಟೆ ಇಡುವುದು ಫಾರಂಗಳಲ್ಲಿ ಪಂಜರದೊಳಗೆ ಇರುವ ಬಿಳಿ ಲೆಗಾರ್ನ್ ಮೂಲದ ಕೋಳಿ. ಅದು 18ರಿಂದ 20 ವಾರಕ್ಕೆಲ್ಲ ಮೊಟ್ಟೆಗೆ ಬರುತ್ತದೆ. ನಮ್ಮ ನಾಟಿ ಕೋಳಿಗೆ, ಉತ್ತರ ಕರ್ನಾಟಕದವರ ಬಾಯಲ್ಲಿ ಜವಾರಿ ಕೋಳಿಗೆ, ಆರು-ಏಳು ತಿಂಗಳು ಬೇಕು. ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಅದು ಒಳ್ಳೆಯ ಕೋಳಿ. ಇವೆರಡರ ನಡುವೆ ಹಿತ್ತಲಿಗೆಂದೇ ಮಾಡಿದ ತಳಿಗಳಿವೆ. ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಗಿರಿರಾಜ 130–150 ಇಡುತ್ತದೆ. ಆಮೇಲೆ ಅಲ್ಲಿಂದಲೇ ಬಂದ ಸ್ವರ್ಣಧಾರಾ ಅದಕ್ಕಿಂತ ಹೆಚ್ಚು, 180ರ ಮೇಲೆ. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ ನಮ್ಮ ಹಳ್ಳಿಗಳಲ್ಲೂ ಉಂಟು. ಇವೆಲ್ಲ ಐದು ತಿಂಗಳಿನಿಂದ ಆರು ತಿಂಗಳ ನಡುವೆ ಮೊಟ್ಟೆ ಶುರು ಮಾಡುತ್ತವೆ, ಅದೂ ಹೊಟ್ಟೆಗೆ ಸರಿಯಾಗಿ ಬಿದ್ದಿದ್ದರೆ. ನಮ್ಮ ಬ್ಯಾಂಕಿನವರ ಮನೆಯಲ್ಲಿದ್ದದ್ದು ಬಣ್ಣದಲ್ಲಿ ಗಿರಿರಾಜದಂತೆ ಕಾಣುವ ಯಾವುದೋ ಮಿಶ್ರತಳಿ. ಅವಕ್ಕೆ ಕಾಯಿಲೆಯೇನೂ ಇರಲಿಲ್ಲ. ವಯಸ್ಸಾಗಿರಲಿಲ್ಲ, ಅಷ್ಟೆ.

ಕೋಳಿಗಳ ಮೂಲವಂಶವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು 10–15 ಮೊಟ್ಟೆ. ಮರಿ ಮಾಡಲಿಕ್ಕೆ ಎಷ್ಟು ಬೇಕೋ ಅಷ್ಟು. ಉಳಿದದ್ದೆಲ್ಲ ಮನುಷ್ಯ ಸಾವಿರಾರು ವರ್ಷ ಆರಿಸಿ ಆರಿಸಿ ಸಾಕಿ ಅದರ ಮೈಯಿಂದ ಹೊರಡಿಸಿದ ಹೆಚ್ಚುವರಿ. ಹೆಚ್ಚುವರಿಯನ್ನು ಕೊಡುವ ಮುಂಚೆ ಕೋಳಿಯ ದೇಹ ಒಂದು ಲೆಕ್ಕ ಹಾಕುತ್ತದೆ. ವಯಸ್ಸಾಯಿತೇ, ಮೈ ತುಂಬಿತೇ, ಹಗಲು ಸಾಕಷ್ಟು ಉದ್ದವಿದೆಯೇ, ಎಲುಬಿನಲ್ಲಿ ಸುಣ್ಣವಿದೆಯೇ, ಜಾಗ ಕ್ಷೇಮವೇ ಎಂದು. ಎಲ್ಲಿ ಕಳೆಯಾದರೂ ಮೊದಲು ನಿಲ್ಲುವುದು ಮೊಟ್ಟೆಯೇ. ಹ್ಯಾಟೆ ಮೊಟ್ಟೆ ಇಡದಿದ್ದರೆ ಔಷಧಿ ಅಂಗಡಿಗೆ ಓಡುವ ಬದಲು ಈ ಲೆಕ್ಕವನ್ನು ನಾವೂ ಒಮ್ಮೆ ಹಾಕಿ ನೋಡಬೇಕು. ಅಪಾಯದ ಸಂದರ್ಭಗಳು ಎರಡೇ ಎರಡಿವೆ, ಅವನ್ನು ಆಮೇಲೆ ಹೇಳುತ್ತೇನೆ. ಉಳಿದ ಮುಕ್ಕಾಲುಪಾಲು ತೊಂದರೆ ಸಾಕಿದವರ ಅವಸರ.

ಮೊಟ್ಟೆ ಒಳಗೆ ಹೇಗೆ ಆಗುತ್ತದೆ ಎಂದು ತಿಳಿದರೆ ಅವಸರ ತಾನಾಗಿ ಕಮ್ಮಿಯಾಗುತ್ತದೆ. ಕೋಳಿಗೆ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ, ಬಲಗಡೆಯದು ಮರಿಯಾಗುವಾಗಲೇ ಮುರುಟಿಹೋಗಿರುತ್ತದೆ. ಎಡಗಡೆಯಲ್ಲಿ ದ್ರಾಕ್ಷಿಗೊಂಚಲಿನಂತೆ ಬೇರೆಬೇರೆ ಗಾತ್ರದ ಹಳದಿ ಭಂಡಾರಗಳು ಜೋತಿರುತ್ತವೆ. ಬಲಿತ ಒಂದು ಭಂಡಾರ ಕಳಚಿ ಮೊಟ್ಟೆಯ ನಾಳಕ್ಕೆ ಬೀಳುತ್ತದೆ. ನಾಳದ ಬಾಯಲ್ಲಿ ಕಾಲು ಗಂಟೆ. ಅದರ ಸುತ್ತ ಬಿಳಿ ಲೋಳೆ ಕಟ್ಟಲು ಮೂರು ಗಂಟೆ. ಪೊರೆ ಹೊದೆಯಲು ಒಂದು ಗಂಟೆ ಚಿಲ್ಲರೆ. ಆಮೇಲೆ ಚಿಪ್ಪು ಕಟ್ಟುವ ಚೀಲದಲ್ಲಿ ಹತ್ತಿರಹತ್ತಿರ 20 ಗಂಟೆ! ಒಟ್ಟು 25 ಗಂಟೆಯ ಆಸುಪಾಸು. ನಮ್ಮ ದಿನಕ್ಕಿಂತ ಕೋಳಿಯ ದಿನ ಒಂದು ಗಂಟೆ ದೊಡ್ಡದು. ಹಾಗಾಗಿ ಇವತ್ತು ಏಳಕ್ಕೆ ಇಟ್ಟದ್ದು ನಾಳೆ ಎಂಟಕ್ಕೆ, ನಾಡಿದ್ದು ಒಂಬತ್ತಕ್ಕೆ ಇಡುತ್ತದೆ. ಹೀಗೆ ಜಾರುತ್ತ ಜಾರುತ್ತ ಮಧ್ಯಾಹ್ನ ದಾಟಿದರೆ ಒಂದು ದಿನ ರಜೆ ಹಾಕಿ ಮತ್ತೆ ಬೆಳಗಿನಿಂದ ಶುರು. ‘ದಿನಾ ಇಡ್ತಿತ್ತು, ನಿನ್ನೆ ಇಡಲಿಲ್ಲ’ ಎಂದು ಗಾಬರಿ ಬೀಳುವವರು ನೆನಪಿಡಬೇಕಾದ್ದು ಇದನ್ನು.

ಒಳಗಿನ ಈ ಕೆಲಸಗಳ ಸಾಲು ಚೊಚ್ಚಲ ಹ್ಯಾಟೆಗೆ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಹೊಸ ಗಿರಣಿ ಮೊದಲ ವಾರ ಹಿಟ್ಟನ್ನು ತರಿತರಿಯಾಗಿ ಬೀಸುವ ಹಾಗೆ. ಎರಡು ಭಂಡಾರ ಒಟ್ಟಿಗೆ ಕಳಚಿದರೆ ಜೋಡಿ ಭಂಡಾರದ ದೊಡ್ಡ ಮೊಟ್ಟೆ. ಭಂಡಾರವೇ ಬೀಳದೆ ನಾಳ ತನ್ನಷ್ಟಕ್ಕೆ ಕೆಲಸ ಶುರುಮಾಡಿಬಿಟ್ಟರೆ ನೆಲ್ಲಿಕಾಯಿ ಗಾತ್ರದ, ಒಳಗೆ ಬರೀ ಬಿಳಿ ಇರುವ ಮೊಟ್ಟೆ. ಚಿಪ್ಪು ಕಟ್ಟುವ ಮುಂಚೆಯೇ ಹೊರಬಿದ್ದರೆ ತೊಗಲಿನ ಚೀಲದಂತೆ ಮೆತ್ತಗಿನ ಮೊಟ್ಟೆ. ಹೊರಮೈಯಲ್ಲಿ ಒಂದೆರಡು ಗೆರೆ ರಕ್ತ ಅಂಟಿರುವುದೂ ಉಂಟು, ದಾರಿ ಮೊದಲ ಸಲ ಹಿಗ್ಗುವಾಗ ನವಿರು ರಕ್ತನಾಳ ಒಡೆದದ್ದು ಅದು. ಇವೆಲ್ಲ ಮೂರು-ನಾಲ್ಕು ವಾರದಲ್ಲಿ ಸರಿಹೋಗುತ್ತವೆ. ಯೂರೋಪಿನಲ್ಲಿ ಭಂಡಾರವಿಲ್ಲದ ಈ ಪುಟಾಣಿ ಮೊಟ್ಟೆಯನ್ನು ಹುಂಜ ಇಟ್ಟ ಮೊಟ್ಟೆ, ಅದರಿಂದ ಪಿಶಾಚಿಯಂಥ ಸರ್ಪ ಹುಟ್ಟುತ್ತದೆ ಎಂದು ನಂಬಿದ್ದರು. 1474ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಮೊಟ್ಟೆ ಇಟ್ಟ ಅಪರಾಧಕ್ಕೆ ಒಂದು ಹುಂಜವನ್ನು ವಿಚಾರಣೆಗೆ ಒಳಪಡಿಸಿ ಸುಟ್ಟೇಬಿಟ್ಟರು. ನಾವೇನೂ ಕಮ್ಮಿಯಲ್ಲ. ಹ್ಯಾಟೆ ಕೂಗಿದರೆ ಮನೆಗೆ ಕೇಡು ಎಂದು ಆವತ್ತೇ ಮಸಾಲೆ ಅರೆಯುತ್ತೇವೆ. ಪಾಪ, ಅದಕ್ಕೆ ಎಡ ಅಂಡಾಶಯ ಕೆಟ್ಟಿರುತ್ತದೆ. ಮುರುಟಿದ್ದ ಬಲಗಡೆಯದು ಗಂಡಿನ ಗ್ರಂಥಿಯ ಹಾಗೆ ಬೆಳೆದು ಜುಟ್ಟು ದೊಡ್ಡದಾಗಿ, ಕೂಗೂ ಬಂದಿರುತ್ತದೆ.

ಇನ್ನು ಸುಣ್ಣದ ವಿಚಾರ. ಚೊಚ್ಚಲ ಹ್ಯಾಟೆಗಳ ತೊಂದರೆಯಲ್ಲಿ ದೊಡ್ಡ ಪಾಲು ಇಲ್ಲಿಯೇ ಇರುವುದು, ಇಲ್ಲಿಯೇ ಜನ ಎಡವುವುದು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಕೋಳಿಯ ಇಡೀ ಮೈಯಲ್ಲಿರುವ ಕ್ಯಾಲ್ಸಿಯಂನ ಹತ್ತರಲ್ಲೊಂದು ಪಾಲು ಅದು. ಎರಡು ದಿನಕ್ಕೊಂದು ಮೊಟ್ಟೆ ಇಟ್ಟರೂ ತಿಂಗಳೊಳಗೆ ತನ್ನ ಅಸ್ಥಿಪಂಜರಕ್ಕಿಂತ ಹೆಚ್ಚು ಸುಣ್ಣವನ್ನು ಆ ಪುಟ್ಟ ಜೀವ ಹೊರಗೆ ಹಾಕಿರುತ್ತದೆ. ಇದಕ್ಕೆ ಪ್ರಕೃತಿ ಮಾಡಿಕೊಟ್ಟಿರುವ ಏರ್ಪಾಟು ಸೊಗಸಾಗಿದೆ. ಮೊದಲ ಮೊಟ್ಟೆಗೆ ಎರಡು ವಾರ ಇರುವಾಗ ಹೆಣ್ಣು ಹಾರ್ಮೋನಿನ ಸೂಚನೆಯಂತೆ ಕಾಲಿನ ಎಲುಬುಗಳ ಟೊಳ್ಳಿನೊಳಗೆ ಹೊಸದೊಂದು ಬಗೆಯ ಎಲುಬು ಜಾಲದಂತೆ ಬೆಳೆಯುತ್ತದೆ. ಅದು ಮೈಭಾರ ಹೊರಲಿಕ್ಕಲ್ಲ, ಸುಣ್ಣದ ಗುಡಾಣ. ರಾತ್ರಿ ಹೊತ್ತು ಹೊಟ್ಟೆ ಖಾಲಿಯಾಗಿರುವಾಗ, ಚಿಪ್ಪು ಕಟ್ಟುವ ಕೆಲಸ ಜೋರಾಗಿ ನಡೆಯುವಾಗ, ಈ ಗುಡಾಣದಿಂದ ತೆಗೆದು ಬಳಸುತ್ತದೆ. ಹಗಲು ತಿಂದು ತುಂಬಿಸುತ್ತದೆ. ಜುಟ್ಟು ಕೆಂಪೇರುವುದು, ಬೆನ್ನ ಮೇಲೆ ಕೈಯಿಟ್ಟರೆ ಕುಕ್ಕರಿಸುವುದು, ಮೂಲೆಮೂಲೆ ಹುಡುಕಿಕೊಂಡು ಒಂದೇ ರಾಗದಲ್ಲಿ ಗೊಣಗುತ್ತ ಓಡಾಡುವುದು ಎಲ್ಲ ಆ ದಿನಗಳ ಲಕ್ಷಣ.

ಇದು ಗೊತ್ತಿಲ್ಲದೆ ಎರಡು ತಪ್ಪು ಮಾಡುತ್ತೇವೆ. ಒಂದು, ಬೇಗ ಮೊಟ್ಟೆ ಬರಲಿ ಎಂದು ಎರಡು-ಮೂರು ತಿಂಗಳ ಮರಿಗೇ ಲೇಯರ್ ಮ್ಯಾಶ್ ಹಾಕುವುದು. ಮೊಟ್ಟೆ ಕೋಳಿಯ ಆಹಾರದಲ್ಲಿ ಮೂರೂವರೆ–ನಾಲ್ಕು ಶೇಕಡಾ ಕ್ಯಾಲ್ಸಿಯಂ ಇರುತ್ತದೆ, ಬೆಳೆಯುವ ಕೋಳಿಗೆ ಬೇಕಾದ್ದು ಒಂದು ಶೇಕಡಾ. ಹೆಚ್ಚಾದದ್ದನ್ನು ಹೊರಹಾಕುವ ಕೆಲಸ ಮೂತ್ರಪಿಂಡದ ಮೇಲೆ ಬೀಳುತ್ತದೆ. ಎಳೆಯದರಲ್ಲೇ ಅದು ಕೆಟ್ಟರೆ ಮೊಟ್ಟೆಗೆ ಬರುವ ಹೊತ್ತಿಗೆ ಕೋಳಿ ಸೊರಗಿರುತ್ತದೆ. ಜುಟ್ಟು ಕೆಂಪಾಗುವ ತನಕ ಗ್ರೋವರ್ ಮ್ಯಾಶ್ ಸಾಕು, ಆಮೇಲೆ ನಿಧಾನವಾಗಿ ಬದಲಿಸಬೇಕು. ಎರಡನೆಯದು ಇದರ ತಿರುಗುಮುರುಗು. ಮೊಟ್ಟೆ ಶುರುವಾದ ಮೇಲೂ ಬರೀ ಅನ್ನ, ನುಚ್ಚು, ರಾಗಿ ಹಾಕಿಕೊಂಡಿರುವುದು. ರಾಗಿಯಲ್ಲಿ ಬೇರೆ ಧಾನ್ಯಗಳಿಗಿಂತ ಸುಣ್ಣದಂಶ ಜಾಸ್ತಿ, ನಿಜ. ಆದರೆ ಅದು ಮನುಷ್ಯರ ಲೆಕ್ಕಕ್ಕೆ ಜಾಸ್ತಿ. ನೂರು ಗ್ರಾಂ ರಾಗಿಯಲ್ಲಿ ಒಂದು ಗ್ರಾಮಿನ ಮೂರನೇ ಒಂದು ಪಾಲು ಸುಣ್ಣ ಇದ್ದರೆ ಎರಡು ಗ್ರಾಮಿನ ಚಿಪ್ಪಿಗೆ ಎಲ್ಲಿಂದ ತಂದೀತು? ಎಲುಬಿನ ಗುಡಾಣದಿಂದ ತರುತ್ತದೆ, ಅದು ಬರಿದಾದ ದಿನ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಇನ್ನೂ ಮುಂದುವರಿದರೆ ಕೋಳಿ ಕಾಲೆಳೆಯುತ್ತದೆ.

ಪರಿಹಾರ ಸುಲಭ, ಖರ್ಚೂ ಇಲ್ಲ. ಕೋಳಿ ಆಹಾರದ ಅಂಗಡಿಯಲ್ಲಿ ಶೆಲ್ ಗ್ರಿಟ್ ಎಂದು ಕೇಳಿದರೆ ಕಪ್ಪೆಚಿಪ್ಪಿನ ಚೂರು ಕೊಡುತ್ತಾರೆ. ಕರಾವಳಿಯವರಿಗೆ ಅದೂ ಬೇಡ, ಸಮುದ್ರದಂಡೆಯಲ್ಲೇ ಬಿದ್ದಿರುತ್ತದೆ. ಬೇರೆ ತಟ್ಟೆಯಲ್ಲಿ ಹಾಕಿ ಸಂಜೆಯ ಹೊತ್ತು ಇಡಿ. ಯಾವ ಕೋಳಿಗೆ ಎಷ್ಟು ಬೇಕೋ ಅಷ್ಟು ತಾನೇ ಆರಿಸಿ ತಿನ್ನುತ್ತದೆ. ಮೊಟ್ಟೆ ಇಡದ ಹ್ಯಾಟೆ ಅದರತ್ತ ತಿರುಗಿಯೂ ನೋಡುವುದಿಲ್ಲ. ಸಂಜೆ ಏಕೆಂದರೆ, ದಪ್ಪ ಚೂರುಗಳು ಕಲ್ಲುಚೀಲದಲ್ಲಿ ನಿಧಾನ ಕರಗುತ್ತ ರಾತ್ರಿಪಾಳಿಯ ಚಿಪ್ಪಿನ ಕೆಲಸಕ್ಕೆ ಒದಗುತ್ತವೆ. ನುಣ್ಣನೆ ಪುಡಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಮನೆಯ ಮೊಟ್ಟೆ ಚಿಪ್ಪನ್ನೇ ಹಾಕುವವರು ಒಣಗಿಸಿ, ಮೊಟ್ಟೆಯ ರೂಪ ಉಳಿಯದಂತೆ ಕುಟ್ಟಿ ಹಾಕಬೇಕು. ಅರ್ಧ ಚಿಪ್ಪನ್ನು ಹಾಗೇ ಎಸೆದರೆ ಮೊಟ್ಟೆ ಒಡೆದು ತಿನ್ನುವ ಚಟಕ್ಕೆ ನಾವೇ ಅಕ್ಷರಾಭ್ಯಾಸ ಮಾಡಿಸಿದಂತೆ. ಎಲೆಯಡಿಕೆಯ ಸುಣ್ಣ ಮಾತ್ರ ಬೇಡವೇ ಬೇಡ, ಅದು ಗಂಟಲು ಸುಡುವ ವಸ್ತು.

ಸುಣ್ಣ ಸಾಕಷ್ಟು ಕೊಟ್ಟೂ ಬೇಸಿಗೆಯಲ್ಲಿ ಚಿಪ್ಪು ತೆಳುವಾಗುತ್ತದೆ ಎಂದು ರಾಯಚೂರು, ಕಲಬುರಗಿ ಕಡೆಯವರು ಹೇಳುವುದುಂಟು. ಅವರ ಮಾತು ಸರಿ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ಏದುವಾಗ ಇಂಗಾಲದ ಡೈ ಆಕ್ಸೈಡ್ ಲೆಕ್ಕಕ್ಕಿಂತ ಹೆಚ್ಚು ಹೊರಹೋಗುತ್ತದೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ ಇದ್ದರೂ ರಕ್ತದಲ್ಲಿ ಕಾರ್ಬೊನೇಟಿನ ಪಾಲು ಉಸಿರಿನೊಂದಿಗೆ ಹೋಗಿಬಿಟ್ಟಿರುತ್ತದೆ. ಗಾರೆ ಕೆಲಸಕ್ಕೆ ಸಿಮೆಂಟಿದ್ದು ಮರಳಿಲ್ಲದ ಸ್ಥಿತಿ. ಅದಕ್ಕೆ ಮದ್ದು ಗೂಡಿನ ಮೇಲೊಂದು ತೆಂಗಿನಗರಿಯ ಚಪ್ಪರ, ಮಣ್ಣಿನ ಮಡಕೆಯ ತಣ್ಣೀರು, ಆಹಾರ ಹಾಕುವುದು ಬೆಳಿಗ್ಗೆ ಬೇಗ ಮತ್ತು ಸಂಜೆ ತಂಪಾದ ಮೇಲೆ. ಮೊಟ್ಟೆಯಲ್ಲಿ ಮುಕ್ಕಾಲು ಭಾಗ ನೀರೇ ಎಂಬುದನ್ನು ಮರೆಯಬಾರದು. ಮನೆಯವರು ಒಂದು ದಿನ ಮದುವೆಗೆ ಹೋಗಿ ನೀರಿನ ಬಟ್ಟಲು ಬರಿದಾಗಿದ್ದರೆ ಅದರ ಪರಿಣಾಮ ಮೊಟ್ಟೆಬುಟ್ಟಿಯಲ್ಲಿ ಹಲವು ದಿನ ಕಾಣುತ್ತದೆ.

ಬೆಳಕಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಹೊರದೇಶದ ವಿಡಿಯೋ ನೋಡಿ ‘ಚಳಿಗಾಲಕ್ಕೆ ಬಲ್ಬು ಹಾಕಲಾ?’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಕೋಳಿಗೆ ಹಗಲಿನ ಉದ್ದ ತಿಳಿಯುವುದು ನಿಜ. ಕಣ್ಣಿನಿಂದ ಮಾತ್ರವಲ್ಲ, ತಲೆಬುರುಡೆಯ ಮೂಲಕ ಮಿದುಳಿಗೇ ಬೆಳಕು ತಾಗಿ ತಿಳಿಯುತ್ತದೆ. ಹಗಲು ಕಿರಿದಾಗುತ್ತ ಹೋದರೆ ಮೊಟ್ಟೆ ಮುಂದೂಡುವುದೂ ನಿಜ. ಆದರೆ ಲಂಡನ್ನಿನಲ್ಲಿ ಜೂನಿನ ಹಗಲಿಗೂ ಡಿಸೆಂಬರಿನ ಹಗಲಿಗೂ ಎಂಟೂವರೆ ಗಂಟೆಗೂ ಮೀರಿದ ಅಂತರ, ಮೈಸೂರಿನಲ್ಲಿ ಒಂದೂವರೆ ಗಂಟೆಯ ಆಸುಪಾಸು. ಮೊಟ್ಟೆ ಮಾರಿ ಬದುಕುವ ಫಾರಂನವರು 16 ಗಂಟೆ ಬೆಳಕು ಕೊಡುತ್ತಾರೆ, ಅವರ ಬಂಡವಾಳ ಬೇರೆ. ಹಿತ್ತಲ ಎಂಟು ಕೋಳಿಗೆ ನಮ್ಮ ಸೂರ್ಯನೇ ಸಾಕು. ಮೈ ಬಲಿಯದ ಹ್ಯಾಟೆಗೆ ಬಲ್ಬು ಹಾಕಿ ಬೇಗ ಮೊಟ್ಟೆ ಬರಿಸಿದರೆ ಆಗುವ ಅನಾಹುತ ಏನೆಂದು ಕೆಳಗೆ ಹೇಳುತ್ತೇನೆ.

ಆಹಾರದಲ್ಲಿ ಕೊರತೆಯಷ್ಟೇ ಅತಿಯೂ ಕೆಟ್ಟದ್ದು. ನಮ್ಮ ಬ್ಯಾಂಕಿನವರು ಪ್ರೀತಿಯಿಂದ ಉಳಿದ ಚಿತ್ರಾನ್ನ, ಬ್ರೆಡ್ಡು, ಮುಸುಕಿನಜೋಳ ಹಾಕಿ ಹಾಕಿ ಎರಡು ಹ್ಯಾಟೆಗಳ ಹೊಟ್ಟೆಯಲ್ಲಿ ಕೊಬ್ಬಿನ ದಿಂಬೇ ಆಗಿತ್ತು. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 100–120 ಗ್ರಾಂ ಆಹಾರ, ಅದರಲ್ಲಿ ಶೇಕಡಾ 16–18 ಪ್ರೋಟೀನು ಬೇಕು. ತಿಪ್ಪೆ ಕೆದಕಿ ಗೆದ್ದಲು, ಹುಳ ತಿನ್ನುವ ಹಳ್ಳಿಯ ಕೋಳಿಗೆ ಅದು ಪುಕ್ಕಟೆ ಸಿಗುತ್ತದೆ. ಸಿಮೆಂಟು ಅಂಗಳದ ಕೋಳಿಗೆ ಸಿಗುವುದಿಲ್ಲ. ಕಡಲೆಕಾಯಿ ಹಿಂಡಿ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಬೂಸಲು ಹಿಡಿದ ಹಿಂಡಿ, ಜೋಳ ‘ಕೋಳಿಗೆ ತಾನೇ’ ಎಂದು ಹಾಕುವುದು ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಸಲು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದೇ ಆ ಸಾವಿನ ಜಾಡು ಹಿಡಿದು. ಅದು ಸ್ವಲ್ಪವೇ ಹೋದರೆ ಕೋಳಿ ಸಾಯುವುದಿಲ್ಲ, ಪಿತ್ತಜನಕಾಂಗ ಕೆಡುತ್ತದೆ. ಹಳದಿ ಭಂಡಾರ ತಯಾರಾಗುವುದು ಅಲ್ಲಿಯೇ ಆದ್ದರಿಂದ ಮೊಟ್ಟೆ ಸದ್ದಿಲ್ಲದೆ ನಿಲ್ಲುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಬುಟ್ಟಿ ಖಾಲಿಯೇ? ಹಾಗಾದರೆ ಮೊಟ್ಟೆ ಬೇರೆಲ್ಲೋ ಇದೆ. ಹ್ಯಾಟೆ ಕತ್ತಲು, ಮರೆ, ಮೆತ್ತನೆ ಜಾಗ ಹುಡುಕುತ್ತದೆ. ಅಂಗಳದ ನಡುವೆ ಇಟ್ಟ ಚೆಂದದ ಪ್ಲಾಸ್ಟಿಕ್ ಬುಟ್ಟಿ ಅದಕ್ಕೆ ಬೇಡ. ನಮ್ಮ ಮನೆಯಲ್ಲೇ ಒಂದು ಹ್ಯಾಟೆ ಮೂರು ವಾರ ಕೆಟ್ಟುನಿಂತ ಸ್ಕೂಟರಿನ ಹಿಂದೆ ಇಟ್ಟಿತ್ತು. ನಾನು ಹೋಗಿದ್ದು ಸ್ಕೂಟರನ್ನು ಗುಜರಿಗೆ ಹಾಕಲು. ಬುಟ್ಟಿಯನ್ನು ಮೂಲೆಗೆ ಸರಿಸಿ, ಹುಲ್ಲು ಹಾಸಿ, ಒಂದು ಮೊಟ್ಟೆಯನ್ನೋ ಮೊಟ್ಟೆಯಂಥ ಬಿಳಿ ಕಲ್ಲನ್ನೋ ಅದರಲ್ಲಿ ಬಿಟ್ಟರೆ ‘ಇಲ್ಲಿ ಇನ್ನೊಬ್ಬಳು ಇಟ್ಟಿದ್ದಾಳೆ, ಕ್ಷೇಮ’ ಎಂದು ಬಂದು ಕೂರುತ್ತದೆ. ಮೊದಲ ಹತ್ತು ದಿನ ಬೆಳಿಗ್ಗೆ ಹತ್ತು-ಹನ್ನೊಂದರ ತನಕ ಗೂಡಿನಲ್ಲೇ ಇಟ್ಟು ಆಮೇಲೆ ಬಿಟ್ಟರೆ ರೂಢಿಯಾಗುತ್ತದೆ. ಹಾವು, ಮುಂಗುಸಿ, ಕಾಗೆಯ ಪಾಲು ಎಷ್ಟೆಂದು ನೋಡಿಕೊಳ್ಳುವುದೂ ನಿಮ್ಮದೇ ಕೆಲಸ. ಗೂಡಿನ ಮರದ ಸಂದಿಯಲ್ಲಿ ರಾತ್ರಿ ಟಾರ್ಚು ಹಾಕಿ ನೋಡಿ. ಕೆಂಪು ಉಣ್ಣೆಹುಳ ಇದ್ದರೆ ಕೋಳಿ ನಿದ್ದೆಗೆಟ್ಟು ರಕ್ತ ಕಳಕೊಂಡು ಮೊಟ್ಟೆ ಬಿಟ್ಟಿರುತ್ತದೆ.

ನಾಟಿ ಹ್ಯಾಟೆ 10–15 ಮೊಟ್ಟೆ ಇಟ್ಟು ಥಟ್ಟನೆ ನಿಲ್ಲಿಸಿ, ಮುಟ್ಟಲು ಹೋದರೆ ಗರಿ ಕೆದರಿ ಗುರ್ ಎಂದರೆ ಅದು ಕಾವಿಗೆ ಕೂತಿದೆ. ಇದನ್ನು ತೊಂದರೆಯ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಕಾವು ಮತ್ತು ಮರಿ ಸಾಕುವುದು ಸೇರಿ ಮೂರು ತಿಂಗಳು ಮೊಟ್ಟೆ ಇಲ್ಲ, ಸರಿ. ಆದರೆ 21 ದಿನ ಹಸಿವೆ ತಾಳಿ ಕೂತು ಮರಿ ಮಾಡುವ ಆ ಗುಣವನ್ನು ಮೊಟ್ಟೆಯ ಆಸೆಗೆ ಫಾರಂ ತಳಿಗಳಿಂದ ತೆಗೆದುಹಾಕಿ, ಈಗ ಗಿರಿರಾಜದ ಮೊಟ್ಟೆಗೆ ಕಾವು ಕೊಡಿಸಲು ನಾಟಿ ಹ್ಯಾಟೆಯನ್ನೇ ಹುಡುಕಿಕೊಂಡು ಹೋಗುತ್ತೇವೆ. ಮರಿ ಬೇಡದವರು ನೀರಿನಲ್ಲಿ ಅದ್ದುವ, ಕಾಲು ಕಟ್ಟಿ ಹಾಕುವ ಹಳೆಯ ಶಿಕ್ಷೆ ಬಿಟ್ಟು, ಅಡಿಗೆ ಗಾಳಿಯಾಡುವ ತಂತಿ ಪಂಜರದಲ್ಲಿ ನೀರು, ಕಾಳು ಕೊಟ್ಟು ಮೂರು-ನಾಲ್ಕು ದಿನ ಇಡಲಿ. ಹೊಟ್ಟೆಗೆ ತಂಪು ತಗಲಿದರೆ ಕಾವು ಇಳಿಯುತ್ತದೆ.

ಈಗ ಆ ಎರಡು ಅಪಾಯ. ಮೊದಲನೆಯದು ಮೊಟ್ಟೆ ಸಿಕ್ಕಿಕೊಳ್ಳುವುದು. ಹ್ಯಾಟೆ ಬಾಲ ಇಳಿಬಿಟ್ಟು, ಕಾಲು ಅಗಲಿಸಿ ನೆಟ್ಟಗೆ ನಿಂತು ಮತ್ತೆಮತ್ತೆ ಮುಕ್ಕುತ್ತದೆ. ಬುಟ್ಟಿಗೆ ಹೋಗಿ ಬಂದು ಹೋಗಿ ಬಂದು ಮಾಡುತ್ತದೆ. ಮೇವು ಬಿಡುತ್ತದೆ. ಮೈ ಬಲಿಯದೆ ಮೊಟ್ಟೆಗೆ ಬಂದದ್ದು, ಕೊಬ್ಬಿದ್ದು, ಸುಣ್ಣ ಸಾಲದ್ದು ಇದರಲ್ಲಿ ಮುಂದು. ನಾಳ ಅಮುಕಿ ಮೊಟ್ಟೆಯನ್ನು ತಳ್ಳುವ ಸ್ನಾಯುವಿಗೂ ಸುಣ್ಣವೇ ಬೇಕು. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹೊಟ್ಟೆ ಮುಳುಗುವಂತೆ 15–20 ನಿಮಿಷ ಕೂರಿಸಿ, ಒರೆಸಿ, ದ್ವಾರಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಕತ್ತಲ ಬೆಚ್ಚನೆ ಮೂಲೆಯಲ್ಲಿ ಬಿಡಿ. ಎಷ್ಟೋ ಸಲ ಒಂದೆರಡು ಗಂಟೆಯಲ್ಲಿ ಮೊಟ್ಟೆ ಬೀಳುತ್ತದೆ. ಬೀಳದಿದ್ದರೆ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ, ಅಲ್ಲಿ ಕ್ಯಾಲ್ಸಿಯಂ ಸೂಜಿ ಕೊಡುತ್ತಾರೆ. ಹೊಟ್ಟೆ ಹಿಸುಕುವುದು, ಒಳಗೇ ಮೊಟ್ಟೆ ಒಡೆಯುವುದು ಖಂಡಿತ ಬೇಡ. ಚಿಪ್ಪಿನ ಚೂರು ನಾಳ ಕೊಯ್ಯುತ್ತದೆ, ನಂಜಾಗುತ್ತದೆ, ಎರಡು ದಿನದಲ್ಲಿ ಕೋಳಿ ಹೋಗುತ್ತದೆ.

ಎರಡನೆಯದು ಕರುಳು ಹೊರಬಂದಂತೆ ಕಾಣುವುದು. ಹೊರಬರುವುದು ಕರುಳಲ್ಲ, ಮೊಟ್ಟೆನಾಳದ ಕೊನೆ. ಮುಕ್ಕಿ ಮೊಟ್ಟೆ ಇಟ್ಟ ಮೇಲೆ ಒಳಗೆ ಹೋಗದೆ ಕೆಂಪಗೆ ಜೋತುಬಿಡುತ್ತದೆ. ಬಲ್ಬಿನ ಬೆಳಕಿನಲ್ಲಿ ಅವಸರಕ್ಕೆ ಮೊಟ್ಟೆಗೆ ತಂದ ಎಳೆ ಹ್ಯಾಟೆಗಳಲ್ಲಿ, ದೊಡ್ಡ ಜೋಡಿ ಭಂಡಾರದ ಮೊಟ್ಟೆ ಇಟ್ಟವುಗಳಲ್ಲಿ ಇದು ಕಾಣುತ್ತದೆ. ಭಯ ಬೀಳಬೇಕಾದ್ದು ಆ ಗಾಯಕ್ಕಲ್ಲ, ಜೊತೆಯ ಕೋಳಿಗಳಿಗೆ. ಕೆಂಪು ಕಂಡರೆ ಅವು ಕುಕ್ಕದೆ ಬಿಡುವುದಿಲ್ಲ, ಅರ್ಧ ಗಂಟೆಯಲ್ಲಿ ಕೊಂದುಬಿಡುತ್ತವೆ. ಕಂಡ ಕ್ಷಣ ಬೇರೆ ಮಾಡಿ, ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆ ಮುಚ್ಚಿಕೊಂಡು ವೈದ್ಯರಲ್ಲಿಗೆ ಹೋಗಬೇಕು.

ರೋಗಗಳ ಪಟ್ಟಿ ಉದ್ದವಿದೆ, ಅಂಕಣದಲ್ಲಿ ಮುಗಿಯುವುದಲ್ಲ. ಕೊಕ್ಕರೆ ರೋಗದ ಲಸಿಕೆ ಮೊದಲ ವಾರ ಕಣ್ಣಿಗೆ ಹನಿ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು, ಇಷ್ಟು ಮಾಡಿಸದವರು ಮೊಟ್ಟೆಯ ಮಾತೇ ಆಡಬಾರದು. ಮರಿಯಾಗಿದ್ದಾಗ ಶ್ವಾಸದ ಒಂದು ವೈರಾಣು ರೋಗ ಬಂದುಹೋದ ಕೋಳಿಗಳಲ್ಲಿ ಕೆಲವಕ್ಕೆ ಮೊಟ್ಟೆನಾಳ ಮುರುಟಿರುತ್ತದೆ. ಜುಟ್ಟು ಕೆಂಪು, ನಡೆ ಗತ್ತು, ಬುಟ್ಟಿಯಲ್ಲಿ ಕೂತು ಎದ್ದು ಊರಿಗೆಲ್ಲ ಸಾರುತ್ತದೆ, ಮೊಟ್ಟೆ ಮಾತ್ರ ಇಲ್ಲ. ಭಂಡಾರ ನಾಳಕ್ಕೆ ಬೀಳದೆ ಹೊಟ್ಟೆಯೊಳಕ್ಕೇ ಬೀಳುತ್ತಿರುತ್ತದೆ. ಅದಕ್ಕೆ ಮದ್ದಿಲ್ಲ. ಒಂದೇ ವಾರದಲ್ಲಿ ಎಲ್ಲ ಕೋಳಿಗಳೂ ಒಟ್ಟಿಗೆ ಮೊಟ್ಟೆ ನಿಲ್ಲಿಸಿ, ಒಂದೆರಡು ಸತ್ತರೆ, ಅವನ್ನು ತಿನ್ನದೆ, ಮಾರದೆ ಪಶು ಇಲಾಖೆಯವರಿಗೆ ತಿಳಿಸಬೇಕು.

ಎಂಟರಲ್ಲಿ ಯಾವುದು ಇಡುತ್ತಿದೆ, ಯಾವುದು ಕಳ್ಳ ಎಂದು ಪತ್ತೆ ಮಾಡಲು ಒಂದು ಉಪಾಯ ಉಂಟು. ಹಳದಿ ಕಾಲಿನ ಕೋಳಿಗೆ ಮಾತ್ರ. ಮುಸುಕಿನಜೋಳ, ಸೊಪ್ಪಿನಿಂದ ಬಂದ ಹಳದಿ ಬಣ್ಣ ಚರ್ಮದಲ್ಲಿ ಕೂಡಿರುತ್ತದೆ. ಮೊಟ್ಟೆ ಶುರುವಾದ ಮೇಲೆ ಆ ಬಣ್ಣವೆಲ್ಲ ಭಂಡಾರಕ್ಕೆ ಹೋಗುತ್ತದೆ, ಮೈ ಬಿಳಚಿಕೊಳ್ಳುತ್ತದೆ. ಮೊದಲು ದ್ವಾರದ ಸುತ್ತ, ಆಮೇಲೆ ಕಣ್ಣಿನ ಅಂಚು, ತಿಂಗಳು ಕಳೆದರೆ ಕೊಕ್ಕು, ಐದಾರು ತಿಂಗಳಿಗೆ ಕಾಲು. ವರ್ಷದ ಕೋಳಿಯ ಕಾಲು ಇನ್ನೂ ಅರಿಶಿನ ಹಚ್ಚಿದಂತಿದ್ದರೆ ಅದು ಕೂತು ಉಂಡಿದೆ ಎಂದೇ ಅರ್ಥ. ಈ ಹಳದಿ ಚರ್ಮದ ಗುಣ ಸಾಕುಕೋಳಿಗೆ ಬಂದದ್ದು ಕೆಂಪು ಕಾಡುಕೋಳಿಯಿಂದಲ್ಲ, ನಮ್ಮ ಘಟ್ಟದ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿಕೊಟ್ಟರು. ಆಗುಂಬೆಯಲ್ಲೋ ಮಡಿಕೇರಿಯಲ್ಲೋ ಬೆಳಗಿನ ಜಾವ ಕೂಗುವ ಅದೇ ಹಕ್ಕಿ.

ದೊಡ್ಡಮ್ಮ ಹೋದ ತಿಂಗಳು ಕಣ್ಣಿನ ಆಪರೇಷನ್ನಿಗೆಂದು ಮೈಸೂರಿಗೆ ಬಂದಿದ್ದಳು. ಬ್ಯಾಂಕಿನವರು ಬಿಡಲಿಲ್ಲ, ಕರೆದುಕೊಂಡು ಹೋದರು. ಕಪ್ಪು ಕನ್ನಡಕ ಹಾಕಿಕೊಂಡೇ ಎಂಟು ಕೋಳಿಯನ್ನೂ ಒಂದೊಂದಾಗಿ ಕಂಕುಳಲ್ಲಿ ಇಟ್ಟುಕೊಂಡು ನೋಡಿದಳು. ‘ಇವು ಮೂರು ಹದಿನೈದು ದಿನ. ಇವೆರಡಕ್ಕೆ ಅನ್ನ ಹಾಕೋದು ನಿಲ್ಸಪ್ಪ, ಮೈ ಇಳೀಲಿ. ಇವೆರಡು ಶಿವರಾತ್ರಿಗೆ.’ ಎಂಟನೆಯದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು ಕೆಳಗೆ ಬಿಟ್ಟಳು. ‘ಇದು?’ ಎಂದು ಅವರು ಕೇಳಿದರು. ‘ಇದು ಇವತ್ತೇ ಇಡ್ತದೆ. ಎಲ್ಲಿ ಅಂತ ಹಿಂದೆ ಹೋಗಿ ನೋಡ್ಕೊಳಿ’ ಎಂದಳು.

ಹನ್ನೊಂದೂವರೆಗೆ ಫೋನು ಬಂತು. ನೀರಿನ ಮೀಟರಿನ ಗುಂಡಿಯಲ್ಲಿ ಸಿಕ್ಕಿತಂತೆ. ‘ಸಾರ್, ತುಂಬಾ ಸಣ್ಣದಿದೆ. ಮೇಲೆ ಸ್ವಲ್ಪ ರಕ್ತ ಬೇರೆ. ತಿನ್ನಬಹುದಾ?’

‘ತೊಳೆದು ಬೇಯಿಸಿ’ ಅಂದೆ. ‘ಆಮ್ಲೆಟ್ಟಿಗೆ ಸಾಲದು.’